ಜರ್ಮನ್ ಕ್ಲಾಸಿನ ಪೋರ್ಟ್‌ಫೋಲಿಯೊ: ನೋಟ್‌ಬುಕ್ಕು, ಡಿಸ್‌ಪ್ಲೇ ಫೈಲು, ಆ್ಯಪು ಎಲ್ಲಾ ನೋಡಿ ಕೊನೆಗೆ ರಿಂಗ್ ಫೈಲಿಗೆ ಬಂದ ಕಥೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ರಿಂಗ್ ಫೈಲಿಗೆ. ಪಂಚಿಂಗ್ ಮಷೀನಲ್ಲಿ ಎರಡು ತೂತು ಹೊಡೆದು ಹಾಳೆ ಸಿಗಿಸ್ತೀವಲ್ಲ, ಆಫೀಸಲ್ಲಿ ಬಿಲ್ಲು ವೋಚರ್ರು ಇಡೋ ಅದೇ ದಪ್ಪ ರಟ್ಟಿನ ಫೈಲು. ಇದನ್ನ ಕೊನೇಲಿ ಹೇಳೋಣ ಅಂತ ಬಚ್ಚಿಟ್ಕೊಂಡು ಏನೂ ಪ್ರಯೋಜನ ಇಲ್ಲ, ಯಾಕಂದ್ರೆ ಉಳಿದವುಗಳ ಬಗ್ಗೆ ನಾನು ಪಕ್ಷಪಾತ ಇಲ್ದೆ ಬರೀತೀನಿ ಅನ್ನೋ ನಂಬಿಕೆ ನಂಗೇ ಇಲ್ಲ, ಅದ್ರಲ್ಲೂ ಆ ಆ್ಯಪ್ ವಿಷಯ ಬಂದ್ರೆ ಈಗ್ಲೂ ಮೈ ಉರಿಯತ್ತೆ.

ಜರ್ಮನ್ ಎ1, ಎ2, ಬಿ1 ಮೂರು ಲೆವೆಲ್ಲೂ ಕ್ಲಾಸಿಗೆ ಸೇರಿ ಕಲ್ತೆ. ಮೂರರಲ್ಲೂ ಪೋರ್ಟ್‌ಫೋಲಿಯೊ ಇಡ್ಲೇಬೇಕು ಅಂತ ರೂಲ್ಸು, ಆದ್ರೆ ಯಾವುದ್ರಲ್ಲಿ ಇಡ್ಬೇಕು ಅನ್ನೋದನ್ನ ಒಬ್ಬೊಬ್ಬ ಟೀಚರ್ ಒಂದೊಂದು ಥರ ಹೇಳೋರು. ಹಾಗಾಗಿ ಎ1ನಲ್ಲಿ ಲಾಂಗ್ ನೋಟ್‌ಬುಕ್ಕು, ಅದೇ ಕೋರ್ಸಿನ ಕೊನೇ ಕೆಲವು ವಾರ ಡಿಸ್‌ಪ್ಲೇ ಫೈಲು, ಎ2 ಪೂರ್ತಿ ಆ್ಯಪು, ಅದು ಕೈ ಕೊಟ್ಮೇಲೆ ಸ್ವಲ್ಪ ದಿನ ಕ್ಲೌಡ್ ಫೋಲ್ಡರು, ಬಿ1ಗೆ ರಿಂಗ್ ಫೈಲು. ಪರಿಚಯದ ಹುಡುಗಿಯೊಬ್ಳು ಈಗ ಫ್ರೆಂಚ್ ಕ್ಲಾಸಿಗೆ ಸೇರ್ಕೊಂಡು 'ಅಣ್ಣಾ, ಏನು ತಗೊಳ್ಲಿ' ಅಂತ ಕೇಳಿದ್ಲು, ಅವ್ಳಿಗೆ ಫೋನಲ್ಲಿ ಅರ್ಧ ಗಂಟೆ ಕೊರೆದಿದ್ದನ್ನೇ ಇಲ್ಲಿ ಬರೀತಿದೀನಿ. ಭಾಷೆ ಯಾವ್ದಾದ್ರೂ ವಿಷಯ ಒಂದೇ.

ಪೋರ್ಟ್‌ಫೋಲಿಯೊ ಅಂದ್ರೆ ಹೋಮ್‌ವರ್ಕ್ ಬುಕ್ಕಿಗೆ ಇಟ್ಟ ಸ್ಟೈಲಿಶ್ ಹೆಸ್ರು ಅಂದ್ಕೊಂಡಿದ್ದೆ ನಾನೂನೂ. ಅಲ್ಲ. ಹೋಮ್‌ವರ್ಕ್ ಬುಕ್ಕಲ್ಲಿ ಎಲ್ಲಾ ಇರತ್ತೆ, ಪೋರ್ಟ್‌ಫೋಲಿಯೊದಲ್ಲಿ ನಾವು ಆರಿಸಿಟ್ಟಿದ್ದು ಮಾತ್ರ ಇರತ್ತೆ, ಜೊತೆಗೆ ಯಾಕೆ ಆರಿಸಿದ್ವಿ, ಆವಾಗ ಏನು ಬರ್ತಿತ್ತು ಏನು ಬರ್ತಿರ್ಲಿಲ್ಲ ಅನ್ನೋ ನಾಲ್ಕು ಸಾಲೂ ಇರತ್ತೆ. ಇದ್ರ ದೊಡ್ಡ ಮಾದರಿ ಕೌನ್ಸಿಲ್ ಆಫ್ ಯುರೋಪಿಂದು (ಯುರೋಪಿಯನ್ ಯೂನಿಯನ್ ಬೇರೆ, ಇದು ಬೇರೆ, ನಾನು ತುಂಬಾ ದಿನ ಎರಡೂ ಒಂದೇ ಅಂದ್ಕೊಂಡಿದ್ದೆ). 1998ರಿಂದ 2000ದ ತನಕ ಟ್ರಯಲ್ ಮಾಡಿ 2001ರಲ್ಲಿ ಯುರೋಪಿಯನ್ ಲ್ಯಾಂಗ್ವೇಜ್ ಪೋರ್ಟ್‌ಫೋಲಿಯೊ ಅಂತ ಶುರು ಮಾಡಿದ್ರು, ಎ1ನಿಂದ ಸಿ2 ತನಕ ಆರು ಲೆವೆಲ್ಲು ಅಂತೀವಲ್ಲ, ಆ ಚೌಕಟ್ಟು ಪುಸ್ತಕವಾಗಿ ಬಂದಿದ್ದೂ ಅದೇ ವರ್ಷ. ಅದ್ರಲ್ಲಿ ಮೂರು ಭಾಗ. ಪಾಸ್‌ಪೋರ್ಟು, ಅಂದ್ರೆ ನಿಮಗೆ ಯಾವ ಯಾವ ಭಾಷೆ ಎಷ್ಟೆಷ್ಟು ಬರತ್ತೆ ಅನ್ನೋ ಲೆಕ್ಕ. ಬಯಾಗ್ರಫಿ, ಅಂದ್ರೆ ಹೇಗೆ ಕಲಿತ್ರಿ, ಮುಂದೇನು ಅನ್ನೋ ಡೈರಿ ಥರದ್ದು. ಮೂರನೇದು ಡಾಸಿಯೆ, ಅಂದ್ರೆ ನಿಜವಾದ ಕೆಲಸದ ಸ್ಯಾಂಪಲ್ಲುಗಳು. ಅಮೆರಿಕದಲ್ಲಿ ಇದನ್ನೇ ನೋಡ್ಕೊಂಡು ಲಿಂಗ್ವಾಫೋಲಿಯೊ ಅಂತ ಮಾಡ್ಕೊಂಡ್ರು.

ಆ ಯುರೋಪಿನ ಮಾದರಿಯ ನಿಯಮಗಳಲ್ಲಿ ಒಂದು ಮಾತಿದೆ, ಪೋರ್ಟ್‌ಫೋಲಿಯೊ ಕಲಿಯೋನ ಸ್ವತ್ತು ಅಂತ. ಟೀಚರ್ದೂ ಅಲ್ಲ, ಸ್ಕೂಲಿಂದೂ ಅಲ್ಲ. ಇದನ್ನ ನಾನು ಓದಿದ್ದು ಎ2 ಮುಗಿದು, ಆ್ಯಪಿಂದ ಆಚೆ ಬಿದ್ಮೇಲೆ. ಮೊದ್ಲೇ ಓದಿದ್ದಿದ್ರೆ ಇಷ್ಟು ಬರೆಯೋ ಕೆಲಸವೇ ಇರ್ತಿರ್ಲಿಲ್ಲ.

ಸರಿ, ಒಂದೊಂದಾಗಿ ಬರ್ತೀನಿ.

ನೋಟ್‌ಬುಕ್ಕು. ಎ1 ಮೇಡಂ ಹಳೇ ಕಾಲದವ್ರು, 200 ಪೇಜಿನ ಒಂದು ಲಾಂಗ್ ನೋಟ್‌ಬುಕ್ ತಗೊಂಡು ಬನ್ನಿ ಸಾಕು ಅಂದ್ರು. ಖರ್ಚು ಹೆಚ್ಚುಕಮ್ಮಿ ಇಲ್ಲ, ಎಲ್ಲಾ ಒಂದೇ ಕಡೆ, ಬ್ಯಾಗಲ್ಲಿ ಹಾಕ್ಕೊಂಡ್ರೆ ಆಯ್ತು. ಹೊಲಿದ ಬುಕ್ಕಿಂದು ಒಂದು ಒಳ್ಳೇ ಗುಣ ಏನಂದ್ರೆ ಅದು ಸುಳ್ಳು ಹೇಳಲ್ಲ, ಹಾಳೆ ಹರಿದ್ರೆ ಆ ಕಡೆ ಹಾಳೆನೂ ಸಡಿಲ ಆಗತ್ತೆ, ಹಾಗಾಗಿ ಕೆಟ್ಟದಾಗಿ ಬರ್ದಿದ್ದೂ ಅಲ್ಲೇ ಇರತ್ತೆ. ನನ್ನ ಮೊದಲನೇ ಪೇಜಲ್ಲಿ ನಾನು ನನ್ನ ಹೆಸ್ರು ಹೇಳ್ಕೊಳ್ಳೋ ವಾಕ್ಯದಲ್ಲೇ ಎರಡು ತಪ್ಪಿದೆ, ಇವತ್ತಿಗೂ ಇದೆ.

ತೊಂದ್ರೆ ಎರಡು. ಮೇಡಂ ತಿದ್ದೋಕೆ ಅಂತ ಬುಕ್ ತಗೊಂಡು ಹೋದ್ರೆ ವಾಪಸ್ ಬರೋ ತನಕ ನನ್ನ ಹತ್ರ ಬುಕ್ಕೇ ಇಲ್ಲ, ಆ ವಾರದ್ದನ್ನ ಬಿಡಿ ಹಾಳೇಲಿ ಬರೆದು ಆಮೇಲೆ ಗಮ್ ಹಾಕಿ ಅಂಟಿಸ್ಬೇಕು. ಹಾಗೆ ಅಂಟಿಸಿ ಅಂಟಿಸಿ, ಹ್ಯಾಂಡೌಟುಗಳನ್ನೂ ಮಡಿಚಿ ಅಂಟಿಸಿ, ಕೋರ್ಸ್ ಮುಗಿಯೋ ಹೊತ್ತಿಗೆ ಬುಕ್ಕು ಬಾಯಿ ತೆರ್ಕೊಂಡು ಕೂತಿತ್ತು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದೀನಿ. ಇನ್ನೊಂದು, ಇದೇ ಮುಖ್ಯ, ತಿದ್ದಿ ಬರೆದ ಎರಡನೇ ಪ್ರತಿ ಮೊದಲನೇದ್ರ ಪಕ್ಕ ಬರಲ್ಲ. 12ನೇ ಪೇಜಲ್ಲಿ ಬರೆದ ಪತ್ರದ ತಿದ್ದಿದ ಪ್ರತಿ 31ನೇ ಪೇಜಲ್ಲಿದ್ರೆ ಯಾರು ಹಿಂದೆ ಮುಂದೆ ತಿರುಗಿಸಿ ನೋಡ್ತಾರೆ? ನಾನಂತೂ ನೋಡ್ಲಿಲ್ಲ. ತಪ್ಪು ಅಲ್ಲಿ, ತಿದ್ದಿದ್ದು ಇಲ್ಲಿ, ಎರಡೂ ಒಂದನ್ನೊಂದು ಭೇಟಿನೇ ಆಗ್ಲಿಲ್ಲ.

ಡಿಸ್‌ಪ್ಲೇ ಫೈಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪ್ಲಾಸ್ಟಿಕ್ ಜೇಬುಗಳಿರೋ ಫೈಲು, ಎ1 ಕೊನೇಲಿ ಎಲ್ರೂ ತಮ್ಮ ಬೆಸ್ಟ್ ಕೆಲಸ ತೋರಿಸ್ಬೇಕು ಅಂದಾಗ ತಗೊಂಡಿದ್ದು. ನೋಡೋಕೆ ಚೆಂದ. ಚೆಂದ ಅನ್ನೋದೇ ಅದ್ರ ರೋಗ, ಗೀಚಿದ ಹಾಳೆ ಅದ್ರೊಳಗೆ ಇಡೋಕೆ ಮನಸ್ಸೇ ಬರಲ್ಲ, ಫೇರ್ ಕಾಪಿ ಮಾತ್ರ ಇಡ್ತೀವಿ, ಕೊನೆಗೆ ಅದು ಮದುವೆ ಆಲ್ಬಮ್ ಥರ ಆಗತ್ತೆ. ಟೀಚರ್ ಏನಾದ್ರೂ ಬರೀಬೇಕಂದ್ರೆ ಪ್ರತಿ ಹಾಳೆ ಜೇಬಿಂದ ಎಳೀಬೇಕು, ಎಳೆದ ಹಾಳೆ ವಾಪಸ್ ಅದೇ ಜೇಬಿಗೆ ಹೋಗತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇಂಟರ್ವ್ಯೂಗೆ ಸರ್ಟಿಫಿಕೇಟ್ ಇಟ್ಕೊಂಡು ಹೋಗೋಕೆ ಒಳ್ಳೇದು. ಈಗ ನಂದು ಅದೇ ಕೆಲಸ ಮಾಡ್ತಿದೆ.

ಈಗ ಆ್ಯಪು.

ಹೆಸ್ರು ಹೇಳಲ್ಲ, ನಮ್ಮ ಕ್ಲಾಸು ನಡೆಸೋರು ತಗೊಂಡಿದ್ದ ಆ್ಯಪು ಅದು, ಇಂಥದ್ದು ಬೇಕಾದಷ್ಟಿವೆ. ಮೊದಲು ಒಳ್ಳೇದು ಹೇಳ್ಬಿಡ್ತೀನಿ, ಇಲ್ದಿದ್ರೆ ಅನ್ಯಾಯ ಆಗತ್ತೆ. ಭಾಷೆ ಕಲಿಯೋದ್ರಲ್ಲಿ ಅರ್ಧ ಭಾಗ ಮಾತು, ಮಾತನ್ನ ಪೇಪರಲ್ಲಿ ಇಡೋಕಾಗಲ್ಲ. ಆ್ಯಪಲ್ಲಿ ಫೋನ್ ತಗೊಂಡು ಬಟನ್ ಒತ್ತಿ ಒಂದು ನಿಮಿಷ ಮಾತಾಡಿದ್ರೆ ಆಯ್ತು, ಸರ್ ರಾತ್ರಿ ಕೇಳ್ಕೊಂಡು ಅವ್ರೂ ವಾಯ್ಸಲ್ಲೇ ಉತ್ತರ ಹಾಕೋರು. ನಂಗೆ ಜರ್ಮನ್ನಿನ ಆ ಎರಡು ಚುಕ್ಕೆಯ ಯು ಬರ್ತಾನೇ ಇರ್ಲಿಲ್ಲ. ಐದಕ್ಕೆ ಅವರ ಪದ ಹೇಳೋಕೆ ಹೋದ್ರೆ 'ಫುನ್ಫ್' ಅಂತಿದ್ದೆ. ಸರ್ ಒಂದು ಚಿಕ್ಕ ವಾಯ್ಸ್ ಕಾಮೆಂಟ್ ಹಾಕಿದ್ರು, 'ನೀವು ಬಾಯೊಳಗೆ ಈ ಅಂತ ಹೇಳ್ತಾ ಇರಿ, ನಾಲಗೆ ಅಲ್ಲಾಡಿಸ್ಬೇಡಿ, ತುಟಿ ಮಾತ್ರ ಊ ಅನ್ನೋ ಥರ ಗುಂಡಗೆ ಮಾಡಿ' ಅಂತ, ಆಮೇಲೆ ಅವರೇ ನಿಧಾನವಾಗಿ ಈ, ಈ, ಈ ಅಂತ ಹೇಳ್ತಾ ಹೇಳ್ತಾ ಅದನ್ನ ಆ ಸ್ವರಕ್ಕೆ ತಿರುಗಿಸಿ ತೋರಿಸಿದ್ರು. ಎರಡು ದಿನ ಕನ್ನಡಿ ಮುಂದೆ ಮೀನಿನ ಥರ ಬಾಯಿ ಮಾಡ್ಕೊಂಡು ನಿಂತಿದ್ದೆ, ಬಂತು. 'ಶೋನ್' ಅಂದ್ರೆ ಆಗ್ಲೇ, ಬಾಯೊಳಗೆ ಏ ಅಂತ ಹೇಳ್ತಾ ತುಟಿ ಗುಂಡಗೆ ಮಾಡಿ 'ಶ್ಯೋನ್' ಅಂದ್ರೆ ಚೆಂದ, ಈ ವ್ಯತ್ಯಾಸವೂ ಅದೇ ಥರ ಇನ್ನೊಂದು ಕಾಮೆಂಟಲ್ಲೇ ಕಲ್ತಿದ್ದು. ಇದನ್ನ ಯಾವ ನೋಟ್‌ಬುಕ್ಕೂ ಕೊಡಲ್ಲ, ಒಪ್ತೀನಿ.

ಆದ್ರೆ ಮೊದಲ ತಿಂಗಳಲ್ಲೇ ಒಂದು ವಿಷಯ ಕಿರಿಕಿರಿ ಮಾಡೋಕೆ ಶುರುವಾಯ್ತು. ಬರೆದ ಹಾಳೆ ಫೋಟೊ ತೆಗೆದು ಹಾಕ್ತೀವಿ, ಸರ್ ಅದ್ರ ಮೇಲೆ ಸ್ಕ್ರೀನಲ್ಲೇ ಕೆಂಪು ಗೆರೆ ಎಳೀತಾರೆ, ನಾವು ತಿದ್ದಿ ಬರೆದು ಮತ್ತೆ ಸಬ್ಮಿಟ್ ಮಾಡ್ತೀವಿ. ಮತ್ತೆ ಸಬ್ಮಿಟ್ ಮಾಡಿದ್ ತಕ್ಷಣ ಹಳೇದು ಹೋಗತ್ತೆ. ಆ ಅಸೈನ್‌ಮೆಂಟಿಗೆ ಒಂದೇ ಜಾಗ, ಹೊಸದು ಬಂದು ಅಲ್ಲಿ ಕೂರತ್ತೆ. ನಾನು ಮೊದ್ಲು ಇದನ್ನ ಗಮನಿಸ್ಲೇ ಇಲ್ಲ, ಕೋರ್ಸ್ ಮಧ್ಯ ಒಂದಿನ ನನ್ನ ಹಳೇ ತಪ್ಪು ನೋಡೋಣ ಅಂತ ಹೋದ್ರೆ ಎಲ್ಲಾ ಕಡೆ ಸರಿಯಾಗಿರೋದೇ ಇದೆ, ತಪ್ಪೇ ಇಲ್ಲ, ನೋಡಿದ್ರೆ ನಾನು ಹುಟ್ಟಾ ಜರ್ಮನ್ ಪಂಡಿತ ಅನ್ನಿಸ್ಬೇಕು. ಕ್ಲಾಸಲ್ಲಿ ಕೇಳಿದೆ, ಸರ್ ಅಂದ್ರು 'ಹೌದಾ, ನಂಗೂ ಗೊತ್ತಿಲ್ಲ ನೋಡಿ, ಎರಡನೇ ಸಲ ಹಾಕುವಾಗ ಹೊಸ ಪೋಸ್ಟ್ ಅಂತ ಹಾಕಿ.' ಹಾಕಿದೆ. ಹಾಗೆ ಹಾಕಿದ್ದು ಅಸೈನ್‌ಮೆಂಟ್ ಲೆಕ್ಕಕ್ಕೆ ಬರಲ್ಲ, ಪೆಂಡಿಂಗ್ ಅಂತ ಕೆಂಪು ಗುರುತು ತೋರಿಸತ್ತೆ, ವಾರಕ್ಕೊಂದ್ಸಲ ರಿಮೈಂಡರ್ ಬರತ್ತೆ. ಒಂದೆರಡು ವಾರ ನೋಡಿ ಬಿಟ್ಬಿಟ್ಟೆ.

ಅಸಲಿ ಏಟು ಬಿದ್ದಿದ್ದು ಕೋರ್ಸ್ ಮುಗಿದ್ಮೇಲೆ. ಆ ಆ್ಯಪಿನ ಲಾಗಿನ್ನು ನನ್ನ ಸ್ವಂತ ಮೇಲ್ ಐಡಿದಲ್ಲ, ಕ್ಲಾಸಿನವ್ರು ಕೊಟ್ಟ ಐಡಿ. ಪರೀಕ್ಷೆ ಬರೆದೆ, ಪಾಸಾದೆ, ಒಂದು ತಿಂಗಳು ಭಾಷೆ ಕಡೆ ತಲೆನೂ ಹಾಕ್ಲಿಲ್ಲ. ಕ್ಲಾಸು ಆರ್ಕೈವ್ ಆಗತ್ತೆ, 30 ದಿನದೊಳಗೆ ನಿಮ್ಮ ಕೆಲಸ ಇಳಿಸ್ಕೊಳ್ಳಿ ಅಂತ ಒಂದು ಮೇಲ್ ಕಳ್ಸಿದ್ರು, ಎಲ್ಲಿಗೆ? ಅದೇ ಕ್ಲಾಸಿನ ಐಡಿಗೆ. ಕೋರ್ಸ್ ಮುಗಿದ್ಮೇಲೆ ಆ ಐಡಿ ಯಾರು ತೆಗೆದು ನೋಡ್ತಾರೆ ಹೇಳಿ. ಜೊತೇಲಿ ಓದ್ತಿದ್ದ ಒಬ್ರು 'ನೀವು ಡೌನ್‌ಲೋಡ್ ಮಾಡ್ಕೊಂಡ್ರಾ' ಅಂತ ಮೆಸೇಜ್ ಹಾಕಿದಾಗ ಇನ್ನು ಎರಡು ದಿನ ಬಾಕಿ ಇತ್ತು, ಸದ್ಯ ಅಂದ್ಕೊಂಡು ಕೂತು ಎಕ್ಸ್‌ಪೋರ್ಟ್ ಒತ್ತಿದೆ.

ಜಿಪ್ ಫೈಲ್ ಬಂತು. ಬಿಚ್ಚಿದ್ರೆ 83 ಫೈಲು. ಹೆಸ್ರು ನೋಡಿದ್ರೆ ಬರೀ ನಂಬರ್ರು, ಒಂದೊಂದು ಹೆಸ್ರೂ ಬ್ಯಾಂಕ್ ಅಕೌಂಟ್ ನಂಬರಿಗಿಂತ ಉದ್ದ. ಯಾವ ಪಾಠ, ಯಾವ ವಿಷಯ ಏನೂ ಇಲ್ಲ. ಹೋಗ್ಲಿ ತಾರೀಖಿನ ಪ್ರಕಾರ ಜೋಡಿಸೋಣ ಅಂತ ನೋಡಿದ್ರೆ ಎಲ್ಲಾ 83ಕ್ಕೂ ಒಂದೇ ತಾರೀಖು, ನಾನು ಡೌನ್‌ಲೋಡ್ ಮಾಡಿದ ದಿನದ್ದು. ಸರಿ ಅಂತ ಒಂದು ಫೋಟೊ ತೆಗೆದೆ, ನನ್ನ ಅಕ್ಷರ ಇದೆ, ಸರ್ ಎಳೆದ ಕೆಂಪು ಗೆರೆ ಇಲ್ಲ. ಇನ್ನೊಂದು ತೆಗೆದೆ, ಇಲ್ಲ. ಒಂದು ಆಡಿಯೋ ತೆಗೆದೆ, ನನ್ನ ಫುನ್ಫ್ ಇದೆ, ಸರ್ ಹೇಳಿದ ಈ ಈ ಈ ಇಲ್ಲ. ಕಾಮೆಂಟುಗಳೆಲ್ಲಾ ಆ್ಯಪೊಳಗೆ ಬೇರೆ ಪದರದಲ್ಲಿ ಇರ್ತಾವಂತೆ, ಎಕ್ಸ್‌ಪೋರ್ಟಲ್ಲಿ ಬರೋದು ನಾವು ಹಾಕಿದ ಮೂಲ ಫೈಲು ಮಾತ್ರ. ಸಪೋರ್ಟಿಗೆ ಬರೆದೆ. ಟೀಚರ್ ಅಕೌಂಟಿಂದ ನೋಡಬಹುದು ಅಂತ ಉತ್ತರ ಬಂತು. ಸರ್ ಅಷ್ಟೊತ್ತಿಗೆ ಅಲ್ಲಿ ಕೆಲಸ ಬಿಟ್ಟಿದ್ರು, ಅವ್ರ ಅಕೌಂಟೂ ಹೋಗಿತ್ತು.

ಅಂದ್ರೆ ಏನಾಯ್ತು ನೋಡಿ, ತಪ್ಪು ಮಾಡಿದ ಮೊದಲನೇ ಪ್ರತಿ ಅವತ್ತೇ ಅಳಿಸಿ ಹೋಯ್ತು, ತಪ್ಪು ಯಾಕೆ ಅಂತ ಟೀಚರ್ ಹೇಳಿದ್ದು ಈಗ ಹೋಯ್ತು, ಉಳಿದಿದ್ದು ತಾರೀಖಿಲ್ಲದ ಹೆಸ್ರಿಲ್ಲದ ಫೇರ್ ಕಾಪಿಗಳು. ಒಂದು ವರ್ಷದ್ದು.

ಒಂದು ಭಾನುವಾರ ಪೂರ್ತಿ ಕೂತು ಆಡಿಯೋಗಳನ್ನ ಜೋಡಿಸೋಕೆ ಟ್ರೈ ಮಾಡಿದೆ. ನನ್ನ ಐಡಿಯಾ ಏನು ಅಂದ್ರೆ ಯು ಎಷ್ಟು ಕೆಟ್ಟದಾಗಿದೆ ನೋಡಿ ಯಾವ್ದು ಮೊದ್ಲಿಂದು ಯಾವ್ದು ಆಮೇಲಿಂದು ಅಂತ ಹೇಳಬಹುದು ಅಂತ. ಚೆನ್ನಾಗೇ ನಡೀತಿತ್ತು, ಫುನ್ಫ್ ಇರೋದೆಲ್ಲಾ ಒಂದು ಕಡೆ, ಸರಿಯಾಗಿರೋದು ಇನ್ನೊಂದು ಕಡೆ ಹಾಕ್ತಾ ಬಂದೆ. ಆಮೇಲೆ ಒಂದು ರೆಕಾರ್ಡಿಂಗ್ ಸಿಕ್ತು, ಅದ್ರಲ್ಲಿ ಕೋರ್ಸಿನ ಕೊನೇ ಪಾಠದ ವಿಷಯ ಮಾತಾಡ್ತಿದೀನಿ, ಯು ಮಾತ್ರ ಮೊದಲನೇ ವಾರದ್ದಕ್ಕಿಂತ ಕೆಟ್ಟದಾಗಿದೆ. ಅವತ್ತು ನೆಗಡಿ ಆಗಿತ್ತೋ ಏನೋ. ಅಲ್ಲಿಗೆ ಕೈ ಬಿಟ್ಟೆ.

ಕ್ಲೌಡ್ ಫೋಲ್ಡರು ಇದಾದ್ಮೇಲಿನ ಪ್ರಾಯಶ್ಚಿತ್ತ. ನನ್ನದೇ ಅಕೌಂಟು, ನನ್ನದೇ ಫೋಲ್ಡರು, ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್, ರೈಟಿಂಗ್ ಅಂತ ನಾಲ್ಕು ಡಬ್ಬ ಮಾಡಿದೆ, ಫೈಲಿನ ಹೆಸ್ರಲ್ಲಿ ಮೊದ್ಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಹಾಕಿದ್ರೆ ತಾನೇ ಸಾಲಾಗಿ ನಿಲ್ಲತ್ತೆ ಅನ್ನೋದೂ ಕಲ್ತೆ (ದಿನ ಮೊದ್ಲು ಹಾಕಿದ್ರೆ ಎಲ್ಲಾ ತಿಂಗಳ 1ನೇ ತಾರೀಖೂ ಒಟ್ಟಿಗೆ ಬಂದು ಕೂರತ್ತೆ, ಮಾಡ್ಬೇಡಿ). ತಾಂತ್ರಿಕವಾಗಿ ಒಂದೇ ಒಂದು ದೂರಿಲ್ಲ. ದೂರು ನನ್ನ ಮೇಲೇನೇ, ನಾನು ಅದನ್ನ ತೆಗೆಯೋದೇ ಇಲ್ಲ. ಫೋನಲ್ಲಿ ಫೋಲ್ಡರ್ ತೆಗೆಯೋಕೆ ಹೋದವ್ನು ಮಧ್ಯ ಬಂದ ಮೆಸೇಜ್ ನೋಡಿ, ಅಲ್ಲಿಂದ ಇನ್ನೆಲ್ಲೋ ಹೋಗಿ, ಅರ್ಧ ಗಂಟೆ ಆದ್ಮೇಲೆ ಯಾಕೆ ಫೋನ್ ತೆಗೆದೆ ಅಂತಾನೇ ಮರ್ತಿರ್ತೀನಿ. ಶಿಸ್ತಿರೋರಿಗೆ, ಎಲ್ಲಾ ಕೆಲಸ ಲ್ಯಾಪ್‌ಟಾಪಲ್ಲೇ ಮಾಡೋರಿಗೆ ಇದೇ ಬೆಸ್ಟು ಅಂತ ಈಗ್ಲೂ ಹೇಳ್ತೀನಿ. ಆಡಿಯೋ ಮಾತ್ರ ಇವತ್ತಿಗೂ ಅಲ್ಲೇ ಇಡ್ತೀನಿ.

ಇನ್ನು ನನ್ನ ರಿಂಗ್ ಫೈಲು.

ಬಿ1 ಮೇಡಂ ಮೊದಲನೇ ದಿನ 'ಯಾವುದ್ರಲ್ಲಾದ್ರೂ ಇಡಿ, ನಂಗೆ ಬೇಕಾಗಿರೋದು ಮೊದಲನೇ ಪ್ರತಿ ಮೇಲೆ ಎರಡನೇದು, ಅದ್ರ ಮೇಲೆ ಮೂರನೇದು' ಅಂದ್ರು. ಅವತ್ತೇ ಸಂಜೆ ಫೈಲು, ಒಂದು ಪ್ಯಾಕೆಟ್ ಬಣ್ಣದ ಡಿವೈಡರ್ರು, ಪಂಚಿಂಗ್ ಮಷೀನು ತಗೊಂಡೆ. ಒಟ್ಟು ಖರ್ಚು ಆ ಲೆವೆಲ್ಲಿನ ಟೆಕ್ಸ್ಟ್ ಬುಕ್ಕಿನ ಕಾಲು ಭಾಗವೂ ಆಗ್ಲಿಲ್ಲ. ಆ್ಯಪ್ ಪುಕ್ಕಟೆ ಇತ್ತಲ್ಲ ಅಂತ ಕೇಳ್ಬೇಡಿ.

ಮೊದಲನೇ ಡಿವೈಡರ್ ಹಿಂದೆ ಪಾಸ್‌ಪೋರ್ಟ್ ಹಾಳೆ. ಇದ್ರಲ್ಲಿ ಕಲೀತಿರೋ ಭಾಷೆ ಒಂದೇ ಅಲ್ಲ, ಬರೋ ಭಾಷೆ ಎಲ್ಲಾ ಬರೀಬೇಕು, ಸ್ಕೂಲಲ್ಲಿ ಕಲ್ತಿದ್ದಾದ್ರೂ ಸರಿ, ಹಾಗೇ ಬಂದಿದ್ದಾದ್ರೂ ಸರಿ. ಮೊದ್ಲು ಕನ್ನಡ ಅಂತ ಬರೆದೆ, ಒಂಥರಾ ಖುಷಿಯಾಯ್ತು, ಅದೊಂದನ್ನಾದ್ರೂ ಸಿ2 ಅಂತ ಹಾಕ್ಕೊಳ್ಳಬಹುದಲ್ಲ ಅಂತ. ಎರಡನೇದ್ರ ಹಿಂದೆ ನಂಗೆ ಏನು ಬರತ್ತೆ ಅನ್ನೋ ಚೆಕ್‌ಲಿಸ್ಟು. ಯುರೋಪಿನ ಆ ಸ್ವಯಂ ಅಂದಾಜಿನ ಕೋಷ್ಟಕದಲ್ಲಿ ಐದು ಸಾಲು ಇರತ್ತೆ, ಕೇಳೋದು, ಓದೋದು, ಇನ್ನೊಬ್ರ ಜೊತೆ ಮಾತಾಡೋದು, ಒಬ್ಬನೇ ಮಾತಾಡೋದು, ಬರೆಯೋದು. ಮಾತಾಡೋದನ್ನ ಯಾಕೆ ಎರಡು ಮಾಡಿದಾರೆ ಅಂತ ಮೊದ್ಲು ಅರ್ಥ ಆಗ್ಲಿಲ್ಲ, ಆಮೇಲೆ ನೋಡಿದ್ರೆ ನಾನು ಉರು ಹೊಡೆದು ಎರಡು ನಿಮಿಷ ಭಾಷಣ ಮಾಡ್ತೀನಿ, ಎದುರಿಗಿರೋರು ಮಧ್ಯ ಒಂದು ಪ್ರಶ್ನೆ ಕೇಳಿದ್ರೆ ಅಲ್ಲೇ ಸ್ಟ್ರೈಕು. ಸರಿಯಾಗೇ ಮಾಡಿದಾರೆ. ಎ1 ಬರವಣಿಗೆಯ ಸಾಲಲ್ಲಿ ಮಾತ್ರ ಪೋಸ್ಟ್‌ಕಾರ್ಡ್ ಬರೆಯೋಕೆ ಬರತ್ತೆ ಅಂತಿದೆ, ಈಗ ಯಾರು ಬರೀತಾರೋ ಗೊತ್ತಿಲ್ಲ, ಟಿಕ್ ಹಾಕಿದೀನಿ.

ಉಳಿದಿದ್ದೆಲ್ಲಾ ಕೆಲಸದ ಹಾಳೆ. ಬಿಡಿ ಹಾಳೇಲಿ ಬರೀತೀನಿ, ಮೇಲೆ ಬಲಗಡೆ ತಾರೀಖು, ಮೇಡಂಗೆ ಹಾಳೆ ಮಾತ್ರ ಕೊಡ್ತೀನಿ, ಫೈಲು ನನ್ನ ಹತ್ರಾನೇ. ಅವ್ರು ಮಾರ್ಜಿನಲ್ಲಿ ಕೆಂಪು ಇಂಕಲ್ಲಿ ಗುರುತು ಹಾಕ್ತಾರೆ, ತಪ್ಪನ್ನ ತಾವೇ ತಿದ್ದಲ್ಲ. ಜರ್ಮನ್ ಟೀಚರ್ರುಗಳ ಗುಪ್ತ ಭಾಷೆ ಅದು, 'ಆರ್' ಅಂದ್ರೆ ಸ್ಪೆಲಿಂಗು, 'ಜಿಆರ್' ಅಂದ್ರೆ ಗ್ರಾಮರ್ರು, 'ಎಸ್‌ಬಿ' ಅಂದ್ರೆ ಸಾಟ್ಸ್‌ಬೌ, ವಾಕ್ಯರಚನೆ. ನಾನು ತಿದ್ದಿ ಎರಡನೇ ಹಾಳೆ ಬರೆದು ಮೊದಲನೇದ್ರ ಮೇಲೆ ಸಿಗಿಸ್ತೀನಿ. ಅಷ್ಟೇ ಸಿಸ್ಟಮ್ಮು.

ಇದ್ರಿಂದ ಏನು ಸಿಕ್ತು ಅಂದ್ರೆ, ಮೂರು ತಿಂಗಳಾದ್ಮೇಲೆ ಒಂದಿನ ಫೈಲ್ ಬಿಚ್ಚಿ ಆರು ಪತ್ರಗಳ ಮೊದಲನೇ ಪ್ರತಿ ಮಾತ್ರ ತೆಗೆದು ನೆಲದ ಮೇಲೆ ಸಾಲಾಗಿ ಹಾಸಿದೆ. ಹಾಳೆ ಬಿಚ್ಚೋಕೆ ಬರತ್ತಲ್ಲ, ಅದಕ್ಕೇ ಇದು ಸಾಧ್ಯ ಆಗಿದ್ದು. ಆರರಲ್ಲಿ ಐದರ ಮಾರ್ಜಿನಲ್ಲಿ 'ಎಸ್‌ಬಿ' ಇದೆ, ಐದೂ ಕಡೆ ಒಂದೇ ಥರದ ವಾಕ್ಯ. ಯಾಕಂದ್ರೆ ಅನ್ನೋದಕ್ಕೆ ಅವ್ರಲ್ಲಿ 'ವೈಲ್' ಅಂತಾರೆ, ಆ ಪದ ಬಂದ್ರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗ್ಬೇಕು. ನಂಗೆ ಟೈಮ್ ಇಲ್ಲ ಅಂತ ಕಾರಣ ಕೊಡ್ಬೇಕು ಅಂದ್ರೆ 'ವೈಲ್ ಇಶ್ ಕೈನೆ ತ್ಸೈಟ್ ಹಾಬೆ' ಅನ್ಬೇಕು, ನಾನು ಪ್ರತಿ ಸಲ 'ವೈಲ್ ಇಶ್ ಹಾಬೆ ಕೈನೆ ತ್ಸೈಟ್' ಅಂತ ಬರ್ದಿದೀನಿ. (ಮಾತಾಡುವಾಗ ಜರ್ಮನ್ನರೇ ಎಷ್ಟೋ ಜನ ಹಾಗಂತಾರೆ, ಆದ್ರೆ ಪರೀಕ್ಷೆ ಹಾಳೇಲಿ ಒಪ್ಪಲ್ಲ.) ಒಂದೊಂದು ಪತ್ರದಲ್ಲಿ ಒಂದೊಂದೇ ಇದ್ದಿದ್ರಿಂದ ಪ್ರತಿ ಸಲ 'ಓ ಮರ್ತೆ' ಅಂತ ತಿದ್ಕೊಂಡು ಮುಂದೆ ಹೋಗಿದ್ದೆ, ಐದು ಒಟ್ಟಿಗೆ ನೆಲದ ಮೇಲೆ ಮಲಗಿದಾಗ ಮರೆವು ಅಂತ ಹೇಳೋಕಾಗ್ಲಿಲ್ಲ.

ಆಮೇಲೆ ಹೊಳೀತು, ನಾನು ತಲೇಲಿ ಇಂಗ್ಲಿಷಲ್ಲಿ ವಾಕ್ಯ ಮಾಡ್ಕೊಂಡು ಜರ್ಮನ್ನಿಗೆ ಹಾಕ್ತಿದ್ದೆ. ಇಂಗ್ಲಿಷಲ್ಲಿ ಕ್ರಿಯಾಪದ ಮಧ್ಯ ಬರತ್ತೆ. ಕನ್ನಡದಲ್ಲಿ ಎಲ್ಲಿ ಬರತ್ತೆ? ಕೊನೇಲಿ! 'ನಾನು ಮನೆಗೆ ಹೋಗ್ತೀನಿ.' ಹುಟ್ಟಿದಾಗಿಂದ ಕ್ರಿಯಾಪದ ಕೊನೇಲಿ ಹಾಕ್ಕೊಂಡೇ ಬಂದವ್ನು ಜರ್ಮನ್ನಲ್ಲಿ ಅದೇ ವಿಷಯಕ್ಕೆ ಐದು ಸಲ ಕೆಂಪು ಇಂಕ್ ತಿಂದಿದೀನಿ. ವೈಲ್ ಬಂದ್ ತಕ್ಷಣ ಕನ್ನಡಕ್ಕೆ ಬಾ ಅಂತ ಫೈಲಿನ ಒಳ ರಟ್ಟಿನ ಮೇಲೆ ದೊಡ್ಡದಾಗಿ ಬರ್ಕೊಂಡೆ. ಆಮೇಲಿನ ಪತ್ರಗಳಲ್ಲಿ ಆ ಗುರುತು ಒಂದೇ ಸಲ ಬಂದಿದೆ, ಅದೂ ಪರೀಕ್ಷೆ ಹಿಂದಿನ ವಾರ, ಟೆನ್ಷನ್ನಿಗೆ.

ಲಿಂಗದ ವಿಷಯದಲ್ಲಿ ಮಾತ್ರ ಯಾವ ಫೈಲೂ ಉದ್ಧಾರ ಮಾಡಲ್ಲ. ಸ್ಪೂನು ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಕನ್ನಡದಲ್ಲಿ ಮೂರೂ ಸುಮ್ನೆ 'ಅದು'. ತಪ್ಪಾದ ನಾಮಪದಗಳಿಗೆ ಅಂತಾನೇ ಹಿಂದೆ ಒಂದು ಹಾಳೆ ಇಟ್ಟಿದ್ದೆ, ಈಗ ಅದು ನಾಲ್ಕು ಹಾಳೆ.

ಆಡಿಯೋಗೆ ಹೇಗೆ ಅಂದ್ರೆ, ಫೋನಿನ ಸಾದಾ ರೆಕಾರ್ಡರಲ್ಲಿ ಮಾತಾಡಿ ಮೇಲೆ ಹೇಳಿದ ಕ್ಲೌಡ್ ಫೋಲ್ಡರಿಗೆ ತಾರೀಖಿನ ಹೆಸ್ರಲ್ಲಿ ಹಾಕ್ತೀನಿ, ರಿಂಗ್ ಫೈಲಲ್ಲಿ ಒಂದು ಇಂಡೆಕ್ಸ್ ಹಾಳೆ, ಅದ್ರಲ್ಲಿ ತಾರೀಖು, ವಿಷಯ, ಎಷ್ಟು ನಿಮಿಷ, ಟೀಚರ್ ಏನಂದ್ರು. ಏನಂದ್ರು ಅನ್ನೋದನ್ನ ನನ್ನ ಕೈಯಲ್ಲೇ ಬರೀತೀನಿ, ಅವರ ಧ್ವನಿ ಸಿಗಲ್ಲ, ಹೌದು, ಆದ್ರೆ ಆ ಹಾಳೆನ ಯಾರೂ ಆರ್ಕೈವ್ ಮಾಡಲ್ಲ. ಪ್ರತಿ ಎರಡು ತಿಂಗಳಿಗೊಮ್ಮೆ ಅದೇ ಸ್ವಪರಿಚಯ ಮತ್ತೆ ರೆಕಾರ್ಡ್ ಮಾಡ್ತೀನಿ, ಬೇರೆ ಬೇರೆ ವಿಷಯ ಮಾತಾಡಿದ್ರೆ ಸುಧಾರಿಸಿದೀನಾ ಇಲ್ವಾ ಗೊತ್ತಾಗಲ್ಲ, ಒಂದೇ ವಿಷಯ ಆದ್ರೆ ಕೇಳಿದ್ ತಕ್ಷಣ ಗೊತ್ತಾಗತ್ತೆ, ಸ್ವಲ್ಪ ನಾಚಿಕೆನೂ ಆಗತ್ತೆ.

ರಿಂಗ್ ಫೈಲಿಗೆ ದೋಷ ಇಲ್ವಾ ಅಂದ್ರೆ ಇದೆ. ಭಾರ. ಹೊತ್ಕೊಂಡು ಕ್ಲಾಸಿಗೆ ಹೋಗೋಕಾಗಲ್ಲ, ನಾನು ಮನೇಲಿ ಬಿಟ್ಟು ತೆಳ್ಳಗಿರೋ ಒಂದು ಫೋಲ್ಡರಲ್ಲಿ ಆ ವಾರದ ಹಾಳೆ ಮಾತ್ರ ತಗೊಂಡು ಹೋಗ್ತೀನಿ. ತೂತಿನ ಹತ್ರ ಹಾಳೆ ಹರಿಯತ್ತೆ, ಜಾಸ್ತಿ ತಿರುಗಿಸೋ ಹಾಳೆಗಳಿಗೆ ಗುಂಡಗಿರೋ ಸ್ಟಿಕ್ಕರ್ ಅಂಟಿಸ್ಬೇಕು. ಕೆಳಗೆ ಬೀಳಿಸಿದ್ರೆ ರಿಂಗು ಸೊಟ್ಟ ಆಗತ್ತೆ, ಒಂದ್ಸಲ ಸೊಟ್ಟ ಆಯ್ತು ಅಂದ್ರೆ ಬಾಯಿ ಸರಿಯಾಗಿ ಕೂರಲ್ಲ, ಹಾಳೆ ಸಿಕ್ಕಿ ಸಿಕ್ಕಿ ತಿರುಗತ್ತೆ, ನನ್ನ ಮೊದಲನೇ ಫೈಲು ಹಾಗೇ ಹೋಯ್ತು. ಮತ್ತೆ ಬ್ಯಾಕಪ್ ಇಲ್ಲ, ನೀರು ಬಿದ್ರೆ ಮುಗೀತು. ಅದಕ್ಕೆ ತಿಂಗಳಿಗೊಮ್ಮೆ ಎಲ್ಲಾ ಹಾಳೆ ಫೋಟೊ ತೆಗೆದಿಡ್ತೀನಿ, ಅಂದ್ರೆ ತೆಗೆದಿಡ್ಬೇಕು ಅಂದ್ಕೊಂಡಿದೀನಿ, ಎರಡು ತಿಂಗಳದ್ದು ಬಾಕಿ ಇದೆ.

ಯಾರಿಗೆ ಯಾವ್ದು ಅಂದ್ರೆ, ಕೈಯಲ್ಲಿ ಬರೆಯೋರು, ಕಣ್ಣಿಗೆ ಕಾಣೋ ಕಡೆ ಇದ್ರೆ ಮಾತ್ರ ತೆಗೆದು ನೋಡೋರು, ನನ್ನ ಥರದವ್ರು, ರಿಂಗ್ ಫೈಲು ತಗೊಳ್ಳಿ. ಟೈಪ್ ಮಾಡೋರು, ದಿನಾ ಲ್ಯಾಪ್‌ಟಾಪ್ ಮುಂದೆ ಕೂರೋರು ಸ್ವಂತ ಅಕೌಂಟಿನ ಕ್ಲೌಡ್ ಫೋಲ್ಡರು. ನೋಟ್‌ಬುಕ್ಕು ಸಣ್ಣ ಕೋರ್ಸಿಗೆ, ಒಂದೆರಡು ತಿಂಗಳಿಂದಕ್ಕೆ ಪರ್ವಾಗಿಲ್ಲ. ಕ್ಲಾಸಲ್ಲಿ ಆ್ಯಪೇ ಬೇಕು ಅಂದ್ರೆ ಮೊದಲನೇ ವಾರವೇ ಎರಡು ಫೈಲ್ ಹಾಕಿ, ಟೀಚರ್ ಹತ್ರ ಒಂದು ಕಾಮೆಂಟ್ ಹಾಕಿಸ್ಕೊಂಡು, ಎಕ್ಸ್‌ಪೋರ್ಟ್ ಒತ್ತಿ ಏನು ಬರತ್ತೆ ನೋಡಿ. ಹತ್ತು ನಿಮಿಷದ ಕೆಲಸ. ಆ ಹುಡುಗಿಗೂ ಇದನ್ನೇ ಹೇಳ್ದೆ, ಅವ್ಳು 'ಸರಿ ಅಣ್ಣಾ' ಅಂದು ಡಿಸ್‌ಪ್ಲೇ ಫೈಲ್ ತಗೊಂಡಿದಾಳಂತೆ, ಬಣ್ಣ ಚೆನ್ನಾಗಿತ್ತಂತೆ.

ನಂದೀಗ ಬಿ2 ಶುರುವಾಗಿದೆ, ಇಲ್ಲಿ ಮತ್ತೆ ಆ್ಯಪು, ಬೇರೆ ಆ್ಯಪು. ವಿರೋಧ ಮಾಡೋಕೆ ಹೋಗ್ಲಿಲ್ಲ. ಹಾಳೆ ಮೊದ್ಲು ಫೈಲಿಗೆ ಹೋಗತ್ತೆ, ಆಮೇಲೆ ಅದ್ರ ಫೋಟೊ ಆ್ಯಪಿಗೆ. ಸರ್ ಸ್ಕ್ರೀನ್ ಮೇಲೆ ಹಾಕಿದ ಗುರುತನ್ನ ನಾನು ಕೆಂಪು ಪೆನ್ನಲ್ಲಿ ನನ್ನ ಹಾಳೆಗೆ ಇಳಿಸ್ಕೊಳ್ತೀನಿ. ಮೊನ್ನೆ ಕ್ಲಾಸಲ್ಲಿ ಸರ್ ಕೇಳಿದ್ರು, 'ಏನ್ರೀ, ನಿಮ್ಮ ಫೋಟೊಗಳಲ್ಲೆಲ್ಲಾ ಪಕ್ಕದಲ್ಲಿ ಎರಡು ತೂತು ಕಾಣತ್ತಲ್ಲ?'